ಹೊಲದಲ್ಲಿ ಎದ್ದ ಬಿಳಿ ಉಪ್ಪು ನೀರು ಕಟ್ಟಿ ತೊಳೆದರೆ ಹೋಗುತ್ತಾ?

ಓದುಗರ ಪ್ರಶ್ನೆ: ನಮ್ಮದು ಕಾರಟಗಿ ತಾಲ್ಲೂಕು. ನಾಲ್ಕು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ವರ್ಷಕ್ಕೆ ಎರಡು ಬೆಳೆ ಭತ್ತ. ಮೂರು ವರ್ಷದಿಂದ ಕೆಳಗಿನ ಮೂಲೆಯಲ್ಲಿ ಬಿಳಿ ಪುಡಿ ಏಳುತ್ತಿದೆ. ಅಲ್ಲಿ ನಾಟಿ ಮಾಡಿದ ಸಸಿ ತುದಿ ಒಣಗಿ ಸಾಯುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಮೊಣಕಾಲುದ್ದ ಕಟ್ಟಿ ತೊಳೆದರೆ ಹೋಗುತ್ತದೆ ಅಂತಾರೆ, ನಿಜವಾ? ಆ ಹೊಲದ ಅಕ್ಕಿಯನ್ನು ಮನೆಯವರು ತಿನ್ನಬಹುದಾ?

ಉತ್ತರ: ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಕೇಳಿಬರುತ್ತದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಸುಮ್ನೆ ನೀರು ಕಟ್ಟಿದರೆ ಉಪ್ಪು ಹೋಗುವುದಿಲ್ಲ. ಕರಗಿ ಕೆಳಗಿಳಿದು ಕೆಲವು ವಾರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಕರಗಿದ ಆ ನೀರು ಹೊಲ ಬಿಟ್ಟು ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ ತೊಳೆದ ಲೆಕ್ಕ. ಇಲ್ಲದಿದ್ದರೆ ಮುಂದಿನ ಏಪ್ರಿಲ್‌ಗೆ ಇನ್ನೂ ಜಾಸ್ತಿಯಾಗಿ ಮೇಲೆ ಬರುತ್ತದೆ. ಅಕ್ಕಿಗೆ ಹೆದರಬೇಡಿ, ತಿನ್ನಬಹುದು. ನೋಡಿಕೊಳ್ಳಬೇಕಾದದ್ದು ಬೋರಿನ ನೀರನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ಈ ತೊಳೆಯುವ ಪ್ರಯೋಗವನ್ನು ನಮ್ಮ ಸೋದರಮಾವನೇ ಮಾಡಿದ್ದ. ಹೊಲದ ತಗ್ಗಿನ ಮಡಿಯಲ್ಲಿ ಉಪ್ಪು ಎದ್ದಿತ್ತು. ಬೆಳಿಗ್ಗೆ ಹೋದರೆ ನೆಲ ಮೆತ್ತಗೆ, ಕಾಲಿಟ್ಟ ಕಡೆ ಹಿಟ್ಟಿನಂತೆ ಕುಸಿಯುತ್ತಿತ್ತು. ಮಧ್ಯಾಹ್ನಕ್ಕೆ ಅದೇ ನೆಲ ಹಪ್ಪಳದಂತೆ ಮುರಿಯುತ್ತಿತ್ತು. ಹಿಮ್ಮಡಿ ಒಡೆದಿದ್ದರೆ ಚುರುಚುರು ಉರಿ. "ಉಪ್ಪು ನೀರಾಗ ಕರಗ್ತದ, ನೀರಿನ ಜೋಡಿ ಹೊಂಟು ಹೋಗ್ತದ. ಇಷ್ಟ ಅಲ್ಲೇನು?" ಅಂದ. ಬದು ಎತ್ತರಿಸಿ ಎರಡು ಸಲ ನೀರು ತುಂಬಿಸಿದ. ಆ ಸಲ ಪೈರು ಚೆನ್ನಾಗಿಯೇ ಬಂತು, ಮಾವ ಗೆದ್ದೆ ಅಂದುಕೊಂಡ. ಮುಂದಿನ ಬೇಸಿಗೆಗೆ ನೋಡಿದರೆ ಬಿಳುಪು ಪಕ್ಕದ ಎರಡು ಮಡಿಗೂ ಹಬ್ಬಿತ್ತು. ಕೆಳಗಿನ ಹೊಲದವರು ಮಾತು ಬಿಟ್ಟರು. ಅವರ ಹೊಲದಲ್ಲೂ ಉಪ್ಪು ಎದ್ದಿತ್ತು.

ಉಪ್ಪು ಎಲ್ಲಿಂದ ಬಂತು? ಸ್ವಲ್ಪ ಮೊದಲೇ ಮಣ್ಣಿನ ಆಳದಲ್ಲಿತ್ತು. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆ. ಬಂಡೆ ಸವೆದು ಮಣ್ಣಾಗುವಾಗ ಹುಟ್ಟಿದ ಉಪ್ಪನ್ನು ಪೂರ್ತಿ ತೊಳೆದು ಸಮುದ್ರಕ್ಕೆ ಸೇರಿಸುವಷ್ಟು ಮಳೆ ಇಲ್ಲಿ ಎಂದೂ ಬಿದ್ದಿಲ್ಲ. ಜೋಳ, ಹತ್ತಿ ಬೆಳೆಯುವಷ್ಟು ದಿನ ಅದು ಕೆಳಗೆ ತನ್ನ ಪಾಡಿಗೆ ಮಲಗಿತ್ತು. ಇನ್ನು ಸ್ವಲ್ಪ ನಾವೇ ತರುತ್ತಿದ್ದೇವೆ. ಕಾಲುವೆ ನೀರು ಸಿಹಿನೀರೇ, ಆದರೂ ಅದರಲ್ಲಿ ಉಪ್ಪು ಇದ್ದೇ ಇರುತ್ತದೆ. ಲೆಕ್ಕಕ್ಕೆಂದು ಲೀಟರಿಗೆ 200 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ಬೆಳೆ ಭತ್ತಕ್ಕೆ ಹೊಲದ ಮೇಲೆ ಒಟ್ಟು 1,200 ಮಿಲಿಮೀಟರ್ ನೀರು ಹಾಯಿಸಿದರೆ ಎಕರೆಗೆ ಸುಮಾರು 48.5 ಲಕ್ಷ ಲೀಟರ್ ಆಯಿತು. ಅದರೊಳಗಿನ ಉಪ್ಪು ಸುಮಾರು 970 ಕೆಜಿ. ಐವತ್ತು ಕೆಜಿಯ ಹತ್ತೊಂಬತ್ತು ಚೀಲ! ಬಿಸಿಲಿಗೆ ಆರುವುದು ನೀರು ಮಾತ್ರ. ಉಪ್ಪಿನಲ್ಲಿ ಒಂದಿಷ್ಟು ಹೆಚ್ಚಾದ ನೀರಿನ ಜೊತೆ ಹರಿದು ಹೋಗುತ್ತದೆ, ಉಳಿದದ್ದು ಹೊಲದಲ್ಲೇ ನಿಲ್ಲುತ್ತದೆ.

ಎರಿ ಮಣ್ಣಿನ ಸ್ವಭಾವವೂ ಇದಕ್ಕೆ ಜೊತೆಯಾಗುತ್ತದೆ. ನೀರು ಬೇಗ ಇಳಿಯುವುದಿಲ್ಲ, ಇಳಿದದ್ದು ಪಕ್ಕಕ್ಕೆ ಸರಿಯುವುದೂ ನಿಧಾನ. ವರ್ಷಕ್ಕೆ ಎಂಟೊಂಬತ್ತು ತಿಂಗಳು ಗದ್ದೆಯಲ್ಲಿ ನೀರು, ಕಾಲುವೆಯಿಂದ ಸೋರುವ ನೀರು, ಮೇಲಿನ ಹೊಲದ ಬಸಿ ನೀರು ಎಲ್ಲ ಸೇರಿ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ. ಅದು ಐದಾರು ಅಡಿಯೊಳಗೆ ಬಂತೆಂದರೆ ಕೆಲಸ ಕೆಟ್ಟಂತೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತದಲ್ಲ, ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಕೂರುತ್ತದೆ. ನಮ್ಮ ಕಡೆ ಸವಳು-ಜವಳು ಅಂತ ಒಂದೇ ಉಸಿರಿನಲ್ಲಿ ಅನ್ನುತ್ತಾರೆ. ಸವಳು ಅಂದರೆ ಉಪ್ಪು ಎದ್ದ ನೆಲ, ಜವಳು ಅಂದರೆ ನೀರು ಹಿಡಿದು ಕೂತ ನೆಲ. ಜವಳು ಮೊದಲು, ಸವಳು ಅದರ ಹಿಂದೆ.

ನಮ್ಮ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು, 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮೂಲ ಯೋಜನೆಯಲ್ಲಿ ಇದರ ಬಹುಪಾಲು ಜಮೀನಿಗೆ ಮಿತ ನೀರಾವರಿ ಅಂತ ಇತ್ತು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಆಗಾಗ ನೀರು ಕೊಟ್ಟು ತುಂಬಾ ಊರುಗಳನ್ನು ಮುಟ್ಟುವ ಲೆಕ್ಕ. ಆಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಅನ್ನುವ ಹೊಸ ಊರುಗಳನ್ನು ಕಟ್ಟಿಕೊಂಡರು. ಭತ್ತ ಚೆನ್ನಾಗಿ ಬಂತು, ಮಿಲ್ಲುಗಳು ಬಂದವು. ಅವರನ್ನು ನೋಡಿ ನಾವೂ ಭತ್ತಕ್ಕೇ ಇಳಿದೆವು. ಯಾರನ್ನು ಬೈಯುವುದು? ನೀರು ಮನೆ ಮುಂದೆ ಹರಿಯುವಾಗ ಜೋಳ ಬಿತ್ತು ಅಂದರೆ ಯಾರು ಕೇಳುತ್ತಾರೆ! ಇವತ್ತು ತುಂಗಭದ್ರಾ ಅಚ್ಚುಕಟ್ಟಿನ ಸುಮಾರು 3.63 ಲಕ್ಷ ಹೆಕ್ಟೇರ್‌ನಲ್ಲಿ 96 ಸಾವಿರ ಹೆಕ್ಟೇರ್‌ನಷ್ಟು ನೆಲ ಸವಳು-ಜವಳಿಗೆ ಸಿಕ್ಕಿದೆ ಎಂಬುದು ಕೃಷಿ ವಿಜ್ಞಾನಿಗಳ ಲೆಕ್ಕ. ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಮೇಲಿನವರ ಹೊಲ ನೀರು ಹೆಚ್ಚಾಗಿ ಕೆಡುತ್ತಿದ್ದರೆ ಮಾನ್ವಿ, ರಾಯಚೂರು ಕಡೆ ಕಾಲುವೆಯ ಕೊನೆಯವರು ಅದೇ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತು. ಕಾಲುವೆಗೆ ನೀರು ಬರುತ್ತಾ ಇಲ್ಲವಾ ಎಂಬ ಚಿಂತೆ. ನಿಮ್ಮ ಊರಿನ ಬಸಿಗಾಲುವೆ, ಅಂದರೆ ಹೊಲದ ಹೆಚ್ಚಿನ ನೀರನ್ನು ಹೊರಗೆ ಒಯ್ಯುವ ಕಾಲುವೆ, ಹೂಳು ತುಂಬಿ, ಆಪು ಹುಲ್ಲು ಬೆಳೆದು ಮುಚ್ಚಿಹೋದಾಗ ಯಾರಾದರೂ ನಿದ್ದೆಗೆಟ್ಟಿದ್ದು ನೆನಪಿದೆಯಾ? ನನಗಂತೂ ಇಲ್ಲ. ಎಷ್ಟೋ ಕಡೆ ಬಸಿಗಾಲುವೆಯನ್ನೇ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ.

ಹಾಗಾದರೆ ಜೋಳಕ್ಕೋ ಹತ್ತಿಗೋ ವಾಪಸ್ ಹೋದರೆ ಆಯಿತಲ್ಲ? ಇಲ್ಲೇ ಸಿಕ್ಕು ಇರುವುದು. ಉಪ್ಪು ತಡೆದುಕೊಳ್ಳುವುದರಲ್ಲಿ ಭತ್ತ ಹಿಂದೆ, ಹತ್ತಿ ಮತ್ತು ಜೋಳ ಮುಂದೆ. ಉಪ್ಪನ್ನು ಅಳೆಯುವ ಇಸಿ ಮಾಪನದಲ್ಲಿ ಭತ್ತದ ಇಳುವರಿ 3 ದಾಟಿದರೆ ಇಳಿಯಲು ಶುರು. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ತಡೆಯುತ್ತವೆ. ಆದರೆ ಬೇರು ನೀರಿನಲ್ಲಿ ನಿಂತರೆ ಜೋಳವೂ ಸಾಯುತ್ತದೆ, ಹತ್ತಿಯೂ ಸಾಯುತ್ತದೆ. ಜವಳಾದ ನೆಲದಲ್ಲಿ ಬದುಕುವುದು ಭತ್ತವೊಂದೇ. ಮೇಲೆ ನಿಂತ ನೀರು ಉಪ್ಪನ್ನು ತೆಳುವಾಗಿಸಿ ಕೆಳಗೆ ಒತ್ತಿ ಹಿಡಿಯುವುದರಿಂದ ಅದು ಹೇಗೋ ಸುಧಾರಿಸಿಕೊಂಡು ಬೆಳೆಯುತ್ತದೆ. ಹಾಗಾಗಿ ಭತ್ತದಿಂದ ಕೆಟ್ಟ ಹೊಲದವನು ಭತ್ತವನ್ನೇ ಹಿಡಿದುಕೊಂಡು ಕೂರಬೇಕು. ವರ್ಷ ವರ್ಷ ಜೊಳ್ಳು ಜಾಸ್ತಿಯಾಗುತ್ತಾ ಹೋಗಿ, ಕೊನೆಗೆ ಬೀಳುಬಿಟ್ಟ ಹೊಲಕ್ಕೆ ಬಳ್ಳಾರಿ ಜಾಲಿ ಬರುತ್ತದೆ. ಆ ಮುಳ್ಳಿಗೆ ಉಪ್ಪೂ ಲೆಕ್ಕಕ್ಕಿಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಮೊದಲು ಎರಡು ಪರೀಕ್ಷೆ ಮಾಡಿ, ಎರಡಕ್ಕೂ ದುಡ್ಡು ಬೇಡ. ಬೇಸಿಗೆಯಲ್ಲಿ, ಹೊಲ ಖಾಲಿ ಇರುವಾಗ, ಕೆಟ್ಟ ಮೂಲೆಯಲ್ಲೊಂದು ಒಳ್ಳೆಯ ಕಡೆಯೊಂದು ಆರಡಿ ಗುಂಡಿ ತೋಡಿ. ಮಕ್ಕಳು, ದನ ಬೀಳದಂತೆ ಮುಳ್ಳು ಹಾಕಿ. ಮಾರನೇ ದಿನ ಬೆಳಿಗ್ಗೆ ನೀರು ಎಷ್ಟು ಅಡಿಯಲ್ಲಿ ನಿಂತಿದೆ ಅಳೆಯಿರಿ. ಐದು ಅಡಿಗಿಂತ ಮೇಲಿದ್ದರೆ ನಿಮ್ಮದು ಬಸಿಯುವಿಕೆಯ ತೊಂದರೆ, ಯಾವ ಗೊಬ್ಬರ ಹಾಕಿದರೂ ತೀರುವುದಲ್ಲ.

ಎರಡನೆಯದು ಗಾಜಿನ ಲೋಟದ ಪರೀಕ್ಷೆ. ಒಂದು ಚಮಚ ಒಣ ಮಣ್ಣನ್ನು ಮಳೆ ನೀರು ಅಥವಾ ಫಿಲ್ಟರ್ ನೀರಿಗೆ ಹಾಕಿ ಕಲಕಿ ಇಡಿ. ಸಂಜೆಗೆ ಮಣ್ಣು ಕೆಳಗೆ ಕೂತು ನೀರು ತಿಳಿಯಾದರೆ ಬರೀ ಉಪ್ಪು ಜಾಸ್ತಿ ಅಂತ ಅರ್ಥ. ಮಾರನೇ ದಿನವೂ ಚಹಾದಂತೆ ಬಗ್ಗಡವಾಗಿಯೇ ಇದ್ದರೆ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿದೆ, ಅದು ಕ್ಷಾರ ಮಣ್ಣು. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಇಂಥ ನೆಲಕ್ಕೆ ಹಾಕುವ ಜಿಪ್ಸಂ ಎಂಬ ಬಿಳಿ ಖನಿಜದ ಪುಡಿ ಕೆಲಸ ಮಾಡುವುದು ಕ್ಷಾರ ಮಣ್ಣಿನಲ್ಲಿ. ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಕಣದಿಂದ ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ಹೊರಗೆ ಹೋಗಲು ಮತ್ತೆ ಬಸಿಗಾಲುವೆ ಬೇಕು, ಅದು ಬೇರೆ ಮಾತು. ಬರೀ ಉಪ್ಪಿನ ನೆಲಕ್ಕೆ ಜಿಪ್ಸಂ ಹಾಕುವುದು ಅಂದರೆ ಉಪ್ಪಿಗೆ ಇನ್ನೊಂದು ಉಪ್ಪು ಸೇರಿಸಿದಂತೆ. ನಮ್ಮ ಮಾವ ಗೊಬ್ಬರದ ಅಂಗಡಿಯವರ ಮಾತು ಕೇಳಿ ಎರಡು ಟನ್ ಸುರಿದಿದ್ದ, ಮಣ್ಣು ಪರೀಕ್ಷೆ ಮಾಡಿಸದೆ. ಆ ದುಡ್ಡು ಕಾಲುವೆಗೆ ಹಾಕಿದ್ದರೂ ಮೀನಾದರೂ ನೋಡುತ್ತಿದ್ದವು.

ಖಾತ್ರಿ ಬೇಕಾದರೆ ಮಣ್ಣನ್ನು ಲ್ಯಾಬಿಗೆ ಕೊಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆಯೇ ಕೆಲಸ ಮಾಡುವ ಜಾಗ, ನಿಮಗೆ ಹತ್ತಿರ. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂದು ಎಚ್ಚರ: ಪುಸ್ತಕದಲ್ಲಿ ಇಸಿ 4 ದಾಟಿದರೆ ಸವಳು ಅಂತ ಇರುತ್ತದೆ, ಮೇಲೆ ನಾನು ಹೇಳಿದ 3, 6.8, 7.7 ಕೂಡ ಅದೇ ಅಳತೆಯವು. ಅದು ಮಣ್ಣನ್ನು ರಾಡಿ ಮಾಡಿ ಹಿಂಡಿ ತೆಗೆದ ನೀರಿನ ಲೆಕ್ಕ. ಮಣ್ಣು ಆರೋಗ್ಯ ಕಾರ್ಡಿಗೆ ಸಾಮಾನ್ಯವಾಗಿ ಮಣ್ಣಿಗೆ ಎರಡೂವರೆ ಪಟ್ಟು ನೀರು ಬೆರೆಸಿ ಅಳೆಯುವುದರಿಂದ ಅಂಕಿ ಚಿಕ್ಕದಾಗಿ ಕಾಣುತ್ತದೆ. ಕಾರ್ಡಿನಲ್ಲಿ 1 ದಾಟಿದ್ದರೇ ಹುಷಾರಾಗಿ. ರಸಸಾರ (ಪಿಎಚ್) 8.5ಕ್ಕಿಂತ ಮೇಲಿದ್ದರೆ ಕ್ಷಾರದ ಅನುಮಾನ ಗಟ್ಟಿ.

ನಿಜವಾದ ಪರಿಹಾರ ನೆಲದೊಳಗಿನ ಬಸಿ ಪೈಪು. ತೂತುಗಳಿರುವ ಪ್ಲಾಸ್ಟಿಕ್ ಪೈಪಿಗೆ ಮಣ್ಣು ನುಗ್ಗದಂತೆ ಬಟ್ಟೆ ಸುತ್ತಿ, ಮೂರು ಮೂರೂವರೆ ಅಡಿ ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಎಲ್ಲ ಸಾಲುಗಳೂ ಒಂದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಬೀಳುತ್ತವೆ. ಆಗ ನೀವು ಕಟ್ಟಿದ ನೀರು ನಿಜವಾಗಿ ತೊಳೆಯುತ್ತದೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ಪೈಪು ಹಳ್ಳ ಮುಟ್ಟಲು ಕೆಳಗಿನ ಹೊಲಗಳನ್ನು ದಾಟಬೇಕು, ಅವರೂ ಒಪ್ಪಬೇಕು. ಅದಕ್ಕೂ ಮೊದಲು, ಮುಚ್ಚಿಹೋದ ಹಳೆಯ ಬಸಿಗಾಲುವೆಯನ್ನು ನಾಲ್ಕು ಜನ ಸೇರಿ ಜೆಸಿಬಿ ತಂದು ತೆರೆಸಿದರೂ ಎಷ್ಟೋ ಸಮಾಧಾನ. ನಾಟಿಗೆ ಮೊದಲು ಡಯಂಚಾ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಿ, ಅದರ ಬೇರು ಬಿಗಿ ಮಣ್ಣನ್ನು ಬಿಡಿಸುತ್ತದೆ. ಇನ್ನೂ ಕೆಡದ ಮೇಲಿನ ಮೂರು ಎಕರೆಯಲ್ಲಿ ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತಿ ನೋಡಿ. ನೀರು ಕಡಿಮೆ ಸಾಕು, ಕೆಳಗಿನ ಮೂಲೆಗೆ ಇಳಿಯುವ ನೀರೂ ಕಡಿಮೆಯಾಗುತ್ತದೆ.

ಇನ್ನು ಮನೆಯವರ ಆರೋಗ್ಯ. ಭತ್ತದ ಗಿಡ ಉಪ್ಪನ್ನು ಹಳೆಯ ಎಲೆ, ಕಾಂಡದಲ್ಲೇ ಹಿಡಿದಿಡುತ್ತದೆ, ಕಾಳಿಗೆ ಹೋಗುವುದು ತೀರಾ ಸ್ವಲ್ಪ. ಉಪ್ಪಿನಿಂದ ಚೀಲ ಕಡಿಮೆಯಾಗುತ್ತದೆಯೇ ಹೊರತು ಅನ್ನ ಕೆಡುವುದಿಲ್ಲ. ಆದರೆ ಹೊಲದಲ್ಲೋ ಮನೆ ಹತ್ತಿರವೋ ಬೋರು ಇದ್ದು ಅದರ ನೀರು ಕುಡಿಯುತ್ತಿದ್ದರೆ ಅದನ್ನು ಪರೀಕ್ಷೆ ಮಾಡಿಸಿ. ಕೊಪ್ಪಳ, ರಾಯಚೂರಿನ ಬಂಡೆಯಲ್ಲೇ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಕಟ್ಟಿ ಕೂರಿಸುತ್ತದೆ. ಸೋಡಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇರುವ ಕ್ಷಾರದ ನೀರಿನಲ್ಲಿ ಫ್ಲೋರೈಡ್ ಬಿಡುಬೀಸಾಗಿ ಕರಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ-ಕಂದು ಗೆರೆ ನೀವೂ ನೋಡಿರುತ್ತೀರಿ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಯೂರಿಯಾದಿಂದ ಇಳಿಯುವ ನೈಟ್ರೇಟ್ ಇನ್ನೊಂದು. 45 ಮಿಲಿಗ್ರಾಂ ದಾಟಿದ ನೀರಿನಲ್ಲಿ ಎಳೆ ಕೂಸಿಗೆ ಪುಡಿ ಹಾಲು ಕಲಸಿ ಕೊಡಬಾರದು, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕೂಸು ನೀಲಿಗಟ್ಟಬಹುದು. ಕುದಿಸಿದರೆ ಇವು ಯಾವುದೂ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತವೆ.

ಸದಾ ನೀರು ನಿಂತ ಗದ್ದೆಯಲ್ಲಿ ಮಿದುಳು ಜ್ವರ ಹರಡುವ ಸೊಳ್ಳೆ ಹುಟ್ಟುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮಕ್ಕಳಿಗೆ ಅದರ ಲಸಿಕೆ ಹಾಕುತ್ತಿರುವುದು ಸುಮ್ನೆ ಅಲ್ಲ, ಆ ಡೋಸ್ ತಪ್ಪಿಸಬೇಡಿ. ಗದ್ದೆಯನ್ನು ನಡುನಡುವೆ ಒಣಗಿಸಿದರೆ ಸೊಳ್ಳೆಯೂ ಕಡಿಮೆ, ಗಾಳಿಗೆ ಸೇರುವ ಮೀಥೇನ್ ಅನಿಲವೂ ಕಡಿಮೆ. ಆದರೆ ನಿಮ್ಮ ಕೆಟ್ಟ ಮೂಲೆಯಲ್ಲಿ ಅದನ್ನು ಮಾಡಲು ಹೋಗಬೇಡಿ. ಒಣಗಿದ ಕೂಡಲೇ ಉಪ್ಪು ಬೇರಿಗೆ ಏರುತ್ತದೆ. ಮೇಲಿನ ಒಳ್ಳೆಯ ಮಡಿಗಳಲ್ಲಿ ಮಾಡಬಹುದು.

ಒಂದು ಮಾತು ಮುಚ್ಚಿಡಬಾರದು. ಬಸಿ ಪೈಪಿನಿಂದ ಹಳ್ಳಕ್ಕೆ ಬಿದ್ದ ಉಪ್ಪು, ಯೂರಿಯಾ ಎಲ್ಲ ಕೊನೆಗೆ ತುಂಗಭದ್ರೆಗೇ ಸೇರುತ್ತದೆ. ಹೊಳೆಯ ಕೆಳಗೂ ಕುಡಿಯುವವರಿದ್ದಾರೆ. ಅದಕ್ಕೇ ಪೈಪಿನ ಬಾಯಿಗೆ ಮುಚ್ಚಳ ಇಟ್ಟು, ಗೊಬ್ಬರ ಹಾಕಿದ ದಿನಗಳಲ್ಲಿ ಮುಚ್ಚಿ, ಬೇಕಾದಾಗ ಮಾತ್ರ ತೆರೆಯುವ ಪದ್ಧತಿ ಇದೆ. ಪೈಪು ಹಾಕಿಸುವುದಾದರೆ ಮುಚ್ಚಳ ಇರುವಂತೆ ಮೊದಲೇ ಕೇಳಿ.

ಗುಂಡಿ ತೋಡಿದ ಮೇಲೆ ನೀರು ಎಷ್ಟು ಅಡಿಗೆ ಸಿಕ್ಕಿತು, ಲೋಟದ ನೀರು ತಿಳಿಯಾಯಿತಾ ಇಲ್ಲವಾ ಎರಡನ್ನೂ ಬರೆದು ಕಳಿಸಿ. ಕೆಳಗಿನ ಹೊಲದವರ ಜೊತೆ ನಿಮಗೆ ಮಾತುಕತೆ ಇದೆಯಾ ಅನ್ನುವುದನ್ನೂ ತಿಳಿಸಿ.