ಹುಳುವಿನ ಮೊಟ್ಟೆ ಸಾಯಲಿಲ್ಲ, ತಳ ಸೇರಿತು

ಗಾಳಿಯಾಡದ ತೊಟ್ಟಿಯಲ್ಲಿ ಕೊಳಚೆ ನೀರನ್ನು ಕೊಳೆಸುವ ತಂತ್ರ ಹುಟ್ಟಿದ್ದು ರೋಗ ತಡೆಯಲಿಕ್ಕಲ್ಲ. 1860ರ ಸುಮಾರಿಗೆ ಫ್ರಾನ್ಸಿನ ವೆಸೂಲ್‌ನಲ್ಲಿ ಲೂಯಿ ಮೂರಾ ಕಟ್ಟಿದ ಮುಚ್ಚಿದ ಗುಂಡಿಯಲ್ಲಿ ಮಲದ ಘನಭಾಗ ಬಹುಪಾಲು ತಾನಾಗಿ ಕರಗಿಹೋಗುತ್ತಿತ್ತು. 1881ರಲ್ಲಿ ಅದಕ್ಕೆ ಪೇಟೆಂಟ್ ಬಂತು. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರೂನ್ ಇಂಥದೇ ತೊಟ್ಟಿ ಕಟ್ಟಿ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆದರು. ಅದರ ಅನಿಲದಿಂದ ದೀಪವನ್ನೂ ಉರಿಸಿದರು. ಇಬ್ಬರಿಗೂ ಬೇಕಿದ್ದದ್ದು ಕೆಸರಿನ ರಾಶಿ ತಗ್ಗುವುದು. ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡದ್ದರಿಂದ ಅದು ಸುರಕ್ಷಿತವೂ ಹೌದೆಂಬ ಭಾವನೆ ಬೆಳೆಯಿತು. ಕೊಳಚೆ ವಿಲೇವಾರಿಯ ಬಗ್ಗೆ 1898ರಲ್ಲಿ ನೇಮಕವಾದ ಬ್ರಿಟನ್ನಿನ ರಾಯಲ್ ಕಮಿಷನ್‌ಗಾಗಿ ಎ. ಸಿ. ಹೂಸ್ಟನ್ ನಡೆಸಿದ ಪರೀಕ್ಷೆಗಳಲ್ಲಿ ಆ ಭಾವನೆ ಉಳಿಯಲಿಲ್ಲ: ಸಂಸ್ಕರಿಸಿದ ನೀರಿನಲ್ಲೂ ಕರುಳಿನ ಬ್ಯಾಕ್ಟೀರಿಯಾಗಳು ಹೇರಳವಾಗಿದ್ದವು.

ಮಲದೊಂದಿಗೆ ಬರುವ ಜಂತುಹುಳುವಿನ ಮೊಟ್ಟೆಯದು ಬೇರೆಯದೇ ಕಥೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆಯ ಚಿಪ್ಪಿನ ಒಳಪದರ ಕೊಬ್ಬಿನದು. ಆಮ್ಲ, ಕ್ಷಾರ, ಕ್ಲೋರಿನ್ ಯಾವುದನ್ನೂ ಸುಲಭಕ್ಕೆ ಒಳಗೆ ಬಿಡದು. ಆಮ್ಲಜನಕ ಸಿಗದಿದ್ದರೆ ಒಳಗಿನ ಮರಿ ಬೆಳೆಯುವುದಿಲ್ಲ, ಹಾಗೆಂದು ಸಾಯುವುದೂ ಇಲ್ಲ. ಗಾಳಿ, ತೇವ, ಬೆಚ್ಚಗಿನ ಮಣ್ಣು ಸಿಕ್ಕಿದ ದಿನ ನಿಂತಲ್ಲಿಂದ ಮುಂದುವರಿಯುತ್ತದೆ. ನಮಗೆ ಅನುಕೂಲವಾದ ಗುಣವೆಂದರೆ ತೂಕ. ಮೊಟ್ಟೆ ನೀರಿಗಿಂತ ಭಾರ, ನಿಂತ ನೀರಿನಲ್ಲಿ ಮುಳುಗುತ್ತದೆ. ದುಂಡುಹುಳುವಿನದು ಗಂಟೆಗೆ ಸುಮಾರು 0.65 ಮೀಟರ್, ಚಾಟಿಹುಳುವಿನದು 1.5 ಮೀಟರ್, ಕೊಕ್ಕೆಹುಳುವಿನದು ಕೇವಲ 0.4 ಮೀಟರ್ ಇಳಿಯುತ್ತದೆ. ಚೀನಾದ ಮೂರು ಕೋಣೆಯ ಮಲದ ತೊಟ್ಟಿ ನಿಂತಿರುವುದು ಈ ಲೆಕ್ಕದ ಮೇಲೆಯೇ. ಮೊದಲ ಕೋಣೆಯಲ್ಲಿ 20 ದಿನ, ಎರಡನೆಯದರಲ್ಲಿ 10, ಮೂರನೆಯದರಲ್ಲಿ 30 ದಿನ ಇರುವಂತೆ 2:1:3ರ ಪ್ರಮಾಣದಲ್ಲಿ ಕಟ್ಟುತ್ತಾರೆ. ನೀರು ಸಾಗುವುದು ಮಧ್ಯದ ಪದರದಿಂದ ಮಾತ್ರ. ಮೇಲಿನ ಕೆನೆ, ತಳದ ಕೆಸರು ಎರಡೂ ಹಿಂದೆಯೇ ಉಳಿಯುತ್ತವೆ.

ನಗರಗಳ ಕೊಳಚೆಗೆ ಅಷ್ಟು ದಿನ ಜಾಗ ಕೊಡಲಾಗದು. ನೆದರ್ಲೆಂಡಿನ ವಾಗೆನಿಂಗೆನ್‌ನಲ್ಲಿ ಗಾಟ್ಸೆ ಲೆಟ್ಟಿಂಗ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಯುಎಎಸ್‌ಬಿ ತೊಟ್ಟಿ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಕೊಳಚೆ ಕೆಳಗಿನಿಂದ ಮೇಲಕ್ಕೇರುತ್ತ ಸೂಕ್ಷ್ಮಜೀವಿಗಳ ದಟ್ಟ ಕೆಸರಿನ ಪದರವನ್ನು ಹಾದುಹೋಗುತ್ತದೆ. 1980ರ ದಶಕದಲ್ಲಿ ಕೊಲಂಬಿಯಾದ ಕಾಲಿ ನಗರದ 64 ಘನಮೀಟರ್ ಘಟಕದಲ್ಲಿ ಮನೆಗಳ ಕೊಳಚೆಯ ಮೇಲೆ ಅದನ್ನು ಪರೀಕ್ಷಿಸಿದರು. 4.5 ಮೀಟರ್ ಆಳದ ತೊಟ್ಟಿಯಲ್ಲಿ ನೀರು 8 ಗಂಟೆ ಇದ್ದರೆ ಮೇಲೇರುವ ವೇಗ ಗಂಟೆಗೆ 0.56 ಮೀಟರ್. ಮೊಟ್ಟೆ ಇಳಿಯುವ ವೇಗದ ಪಕ್ಕದಲ್ಲಿಟ್ಟು ನೋಡಿ: ಕೊಕ್ಕೆಹುಳುವಿನ ಮೊಟ್ಟೆಯನ್ನು ತಡೆಯುತ್ತಿರುವುದು ಬರೀ ಅದರ ತೂಕವಲ್ಲ, ಕೆಸರಿನ ಜರಡಿ. ಬೆಳಗಿನ ಹೊತ್ತು ಹರಿವು ದುಪ್ಪಟ್ಟಾದರೆ, ಇಲ್ಲವೇ ಹೆಚ್ಚಾದ ಕೆಸರನ್ನು ವೇಳೆಗೆ ಸರಿಯಾಗಿ ತೆಗೆಯದೆ ಪದರ ಮೇಲಕ್ಕೆ ಬೆಳೆದರೆ, ಹಿಡಿದಿಟ್ಟ ಮೊಟ್ಟೆಗಳೆಲ್ಲ ಕೆಸರಿನೊಂದಿಗೆ ಹೊರಗೆ ಬೀಳುತ್ತವೆ. ಕೊಳಚೆಯನ್ನು ಒಳಬಿಡುವ ತಳದ ಕೊಳವೆಗಳಲ್ಲಿ ಕೆಲವು ಕಟ್ಟಿಕೊಂಡರೂ ಫಲ ಅದೇ. ಉಳಿದ ಕೊಳವೆಗಳ ನೇರಕ್ಕೆ ನೀರು ದಾರಿ ಕೊರೆದುಕೊಂಡು ನುಗ್ಗುತ್ತದೆ. ಎಲ್ಲ ಸರಿಯಿದ್ದಾಗಲೂ ಬ್ಯಾಕ್ಟೀರಿಯಾ ತಗ್ಗುವುದು ಸುಮಾರು ಹತ್ತನೇ ಒಂದಕ್ಕೆ ಅಷ್ಟೆ. 100 ಮಿಲಿಲೀಟರಿಗೆ 1 ಕೋಟಿ ಕೋಲಿಫಾರ್ಮ್ (ಮಲ ಬೆರೆತದ್ದರ ಗುರುತಾಗಿ ಎಣಿಸುವ ಬ್ಯಾಕ್ಟೀರಿಯಾ) ಇದ್ದದ್ದು 10 ಲಕ್ಷವಾದರೆ ಅದನ್ನು ಶುದ್ಧಿ ಎನ್ನಲಾಗದು.

ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸಂಸ್ಕರಿಸಿದ ಕೊಳಚೆ ನೀರಿನ ನೀರಾವರಿಗೆ ಹಾಕಿಕೊಟ್ಟ ಮಿತಿ ಲೀಟರಿಗೆ ಒಂದು ಹುಳುಮೊಟ್ಟೆ. ಹಸಿಯಾಗಿ ತಿನ್ನುವ ಬೆಳೆಗಾದರೆ ಜೊತೆಗೆ 100 ಮಿಲಿಲೀಟರಿಗೆ 1,000 ಕೋಲಿಫಾರ್ಮ್. ಲೀಟರಿಗೆ 200 ಮೊಟ್ಟೆ ಇರುವ ಕೊಳಚೆಯಿಂದ ಶೇ 80ರಷ್ಟು ತೆಗೆದರೂ 40 ಉಳಿಯುತ್ತವೆ. ಹಾಗಾಗಿ ಯುಎಎಸ್‌ಬಿಯ ನಂತರ ನೀರು ನಿಲ್ಲುವ ಕೊಳಗಳು ಬೇಕೇ ಬೇಕು. ಕೊಳಗಳ ಲೆಕ್ಕಕ್ಕೆ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಒಂದು ಕೊಳದಲ್ಲಿ 1 ದಿನ ನಿಂತ ನೀರಿನಿಂದ ಶೇ 75ರಷ್ಟು, 5 ದಿನ ನಿಂತರೆ ಶೇ 95ಕ್ಕೂ ಹೆಚ್ಚು ಮೊಟ್ಟೆ ತಳ ಸೇರುತ್ತದೆ.

ತಳ ಸೇರಿದ ಮೇಲೇನು ಎಂಬುದೇ ತುಂಬ ಕಾಲ ಯಾರೂ ಸರಿಯಾಗಿ ಕೇಳದ ಪ್ರಶ್ನೆ. 1927ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ಕೆಸರಿನ ತೊಟ್ಟಿಗೆ ಕಾವು ಕೊಡಲು ಶುರುಮಾಡಿದಾಗಲೂ ಗುರಿ ಅನಿಲವೇ. ಮುಂದೆ ರೂಢಿಗೆ ಬಂದ 35 ಡಿಗ್ರಿ ಮೀಥೇನ್ ಜೀವಿಗಳಿಗೆ ಹಿತ, ದುಂಡುಹುಳುವಿನ ಮೊಟ್ಟೆಗೂ ತೊಂದರೆಯಿಲ್ಲ. ಅದು ಹೆಚ್ಚುಕಡಿಮೆ ನಮ್ಮ ಕರುಳಿನ ಶಾಖವೇ ತಾನೆ! ಸಾವು ಬೇಕಾದರೆ ಶಾಖ, ಸಮಯ ಎರಡನ್ನೂ ಕೂಡಿಸಬೇಕು. 1983ರಲ್ಲಿ ರಿಚರ್ಡ್ ಫೀಚಮ್ ಮತ್ತು ಸಂಗಡಿಗರು ಹಾಕಿದ ಗೆರೆ ಹೀಗಿದೆ: 62 ಡಿಗ್ರಿಯಲ್ಲಿ 1 ಗಂಟೆ, 50ರಲ್ಲಿ 1 ದಿನ, 46ರಲ್ಲಿ 1 ವಾರ, 43ರಲ್ಲಿ 1 ತಿಂಗಳು. ಅಮೆರಿಕದ 1993ರ ನಿಯಮ ಇನ್ನೂ ಬಿಗಿ. ತೆಳು ಕೆಸರಿಗೆ 55 ಡಿಗ್ರಿಯಲ್ಲಿ ಪೂರ್ತಿ 24 ಗಂಟೆ ಬೇಕೆನ್ನುತ್ತದೆ.

ಇಲ್ಲಿ ‘ಪೂರ್ತಿ’ ಎಂಬ ಮಾತೇ ಮುಖ್ಯ. ಸದಾ ಕಲಕುವ, ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಹರಿಸುವ ತೊಟ್ಟಿಯಲ್ಲಿ ಕೆಸರು 15 ದಿನ ಇರುತ್ತದೆಂದರೆ ಅದು ಬರೀ ಸರಾಸರಿ. ಇಂದು ಒಳಬಿದ್ದದ್ದರಲ್ಲಿ ಶೇ 6ಕ್ಕೂ ಹೆಚ್ಚು ಭಾಗ ಒಂದೇ ದಿನದೊಳಗೆ ಆಚೆ ಹೋಗಿರುತ್ತದೆ. ಆದ್ದರಿಂದ ಮೊದಲು ಕೆಸರು ಹೊರತೆಗೆದು, ಆಮೇಲೆ ಹೊಸತು ತುಂಬಿ, ಗೊತ್ತಾದ ಅವಧಿ ಮುಗಿಯುವವರೆಗೆ ವಾಲ್ವ್ ಮುಚ್ಚಿಡುವ ಕ್ರಮ ಬೇಕು. 1995ರಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಬಂದ ಘಟಕ ಬೇರೆ ದಾರಿ ಹಿಡಿಯಿತು: ಕೆಸರನ್ನು ಮೊದಲು ಒತ್ತಡದ ಹಬೆಯಲ್ಲಿ 165 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿ, ಆಮೇಲೆ ಕೊಳೆಸುವುದು. ಈ ಅನುಕ್ರಮ ಜಾಣತನದ್ದು. ಕೊನೆಯಲ್ಲಿ ಬೇಯಿಸಿದರೆ ಪೈಪೋಟಿ ಕೊಡುವ ಜೀವಿಗಳೂ ಸತ್ತು ಹೋಗಿ, ಪಂಪು, ಕೊಳವೆಗಳಿಂದ ಅಂಟಿದ ಒಂದಿಷ್ಟು ಸಾಲ್ಮೊನೆಲ್ಲಾ (ಕರುಳಿಗೆ ರೋಗ ತರುವ ಬ್ಯಾಕ್ಟೀರಿಯಾ) ಖಾಲಿ ಗದ್ದೆಯಲ್ಲಿ ಕಳೆ ಬೆಳೆದಂತೆ ಬೆಳೆಯುತ್ತದೆ.

ಪರೀಕ್ಷೆಯಲ್ಲೂ ಒಂದು ಎಡವಟ್ಟಿದೆ. ಕೋಲಿಫಾರ್ಮ್ ಎಣಿಕೆ ಇಳಿಯಿತೆಂದು ಹುಳುಮೊಟ್ಟೆಯೂ ಸತ್ತಿದೆ ಎಂದು ಬರೆಯುವಂತಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಸತ್ತದ್ದೂ ಬದುಕಿದ್ದೂ ಒಂದೇ ತೆರನಾಗಿ ಕಾಣಬಹುದು. ಕೆಸರಿನಿಂದ ಬೇರ್ಪಡಿಸಿದ ಮೊಟ್ಟೆಗಳನ್ನು 26–28 ಡಿಗ್ರಿಯಲ್ಲಿ ಗಾಳಿಯಾಡುವಂತೆ ಮೂರು ನಾಲ್ಕು ವಾರ ಇಟ್ಟು, ಎಷ್ಟರೊಳಗೆ ಮರಿ ಅಲುಗಾಡುತ್ತಿದೆ ಎಂದು ಎಣಿಸಬೇಕು. ಅಮೆರಿಕದ ನಿಯಮ 4 ಗ್ರಾಂ ಒಣ ಕೆಸರಿನಲ್ಲಿ ಒಂದಕ್ಕಿಂತ ಕಡಿಮೆ ಎಂದು ಕೇಳುವುದು ಈ ಬದುಕಿದ ಮೊಟ್ಟೆಗಳನ್ನೇ.