ಜೀವಕೋಶಗಳ ಕಾಣದ ಬೆಳಕು

ಮನುಷ್ಯನ ಚರ್ಮದ ಒಂದು ಚದರ ಸೆಂಟಿಮೀಟರ್ ಜಾಗದಿಂದ ಪ್ರತಿ ಸೆಕೆಂಡಿಗೆ ಕೆಲವೇ ಫೋಟಾನ್‌ಗಳಿಂದ (ಬೆಳಕಿನ ಕಣಗಳಿಂದ) ಹಿಡಿದು ಹೆಚ್ಚೆಂದರೆ ಸಾವಿರದಷ್ಟು ಫೋಟಾನ್‌ಗಳು ಹೊರಬೀಳುತ್ತಿರುತ್ತವೆ. ಗಿಡದ ಎಲೆ, ಮೊಳಕೆಯೊಡೆಯುವ ಬೀಜ, ಪ್ರಾಣಿಯ ಯಕೃತ್ತು, ಹೀಗೆ ಉಸಿರಾಡುವ ಪ್ರತಿಯೊಂದು ಅಂಗಾಂಶದಿಂದಲೂ ಇಂಥ ಅತಿಕ್ಷೀಣ ಬೆಳಕು ಬರುತ್ತದೆ. ಮೇಲಿನ ಗರಿಷ್ಠ ಸಂಖ್ಯೆಯನ್ನೇ ಹಿಡಿದು ಲೆಕ್ಕ ಹಾಕಿದರೂ ಇಡೀ ದೇಹ ಹೊರಸೂಸುವ ಬೆಳಕಿನ ಪ್ರಮಾಣ ಒಂದು ವ್ಯಾಟ್‌ನ ಲಕ್ಷ ಕೋಟಿಯ ಕೆಲವೇ ಭಾಗಗಳಷ್ಟಾಗುತ್ತದೆ. ಅದೇ ದೇಹ ಶಾಖದ ರೂಪದಲ್ಲಿ ಹೊರಹಾಕುವುದು ಸುಮಾರು ನೂರು ವ್ಯಾಟ್. ಆದರೆ ಈ ಬೆಳಕನ್ನು ದೇಹದ ಬಿಸಿಯ ಒಂದು ಚೂರೆಂದು ಎಣಿಸುವಂತಿಲ್ಲ. 37 ಡಿಗ್ರಿ ಸೆಲ್ಸಿಯಸ್ ತಾಪದ ವಸ್ತುವಿನ ಶಾಖ ವಿಕಿರಣ 9,000 ನ್ಯಾನೊಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ತರಂಗಾಂತರದಲ್ಲಿ ಶಿಖರ ಮುಟ್ಟುತ್ತದೆ, ಗೋಚರ ಬೆಳಕಿನ ವ್ಯಾಪ್ತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಿಂಚುಹುಳುವಿನ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಬೆಳಕಿಗಾಗಿಯೇ ವಿಕಾಸಗೊಂಡ ಲೂಸಿಫೆರಿನ್ ಎಂಬ ವಸ್ತುವೂ ಅದಕ್ಕೆ ತಕ್ಕ ಕಿಣ್ವವೂ ಇವೆ, ಇಲ್ಲಿ ಅಂಥ ಯಾವ ಏರ್ಪಾಡೂ ಇಲ್ಲ.

ಹಾಗಾದರೆ ಬೆಳಕು ಎಲ್ಲಿಂದ ಬರುತ್ತದೆ? ಜೀವಕೋಶದ ಮೈಟೊಕಾಂಡ್ರಿಯಗಳು ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವಾಗ ಆ ಆಮ್ಲಜನಕದ ಒಂದು ಸಣ್ಣ ಪಾಲು ಪೂರ್ತಿಯಾಗಿ ನೀರಾಗದೆ, ಸಿಕ್ಕಿದ್ದರ ಮೇಲೆರಗುವ ಚುರುಕು ಅಣುಗಳಾಗಿ ಉಳಿದುಬಿಡುತ್ತದೆ. ಇವು ಕೋಶಪೊರೆಯ ಕೊಬ್ಬಿನ ಅಣುಗಳನ್ನು ಉತ್ಕರ್ಷಿಸಿದಾಗ (ಆಮ್ಲಜನಕ ಬೆರೆತು ಕೆಡಿಸಿದಾಗ) ಪೆರಾಕ್ಸಿಲ್ ರ‍್ಯಾಡಿಕಲ್‌ಗಳು ಎಂಬ ಅಸ್ಥಿರ ಅಣುಗಳು ಹುಟ್ಟುತ್ತವೆ. ಅಂಥ ಎರಡು ರ‍್ಯಾಡಿಕಲ್‌ಗಳು ಸೇರಿ ಒಡೆದಾಗ ಬಿಡುಗಡೆಯಾಗುವ ಶಕ್ತಿ ಬಹುಮಟ್ಟಿಗೆ ಶಾಖವಾಗಿ ಹೋದರೂ, ಬಹಳ ಅಪರೂಪಕ್ಕೆ, ಇಂಗಾಲ-ಆಮ್ಲಜನಕದ ಜೋಡಿಯಾದ ಕಾರ್ಬೊನಿಲ್ ಗುಂಪಿನ ಒಂದು ಎಲೆಕ್ಟ್ರಾನನ್ನು ಮೇಲಿನ ಶಕ್ತಿಸ್ತರಕ್ಕೆ ಏರಿಸುತ್ತದೆ. ಅದು ಕೆಳಗಿಳಿಯುವಾಗ ನೀಲಿ-ಹಸಿರಿನ ಆಸುಪಾಸಿನ ಫೋಟಾನ್ ಒಂದು ಹೊಮ್ಮುತ್ತದೆ. ಕೆಲವೊಮ್ಮೆ ಈ ಶಕ್ತಿ ಆಮ್ಲಜನಕಕ್ಕೇ ದಾಟಿ ಸಿಂಗ್ಲೆಟ್ ಆಮ್ಲಜನಕ ಎಂಬ ಹೆಚ್ಚು ಶಕ್ತಿಯ ರೂಪ ಹುಟ್ಟುತ್ತದೆ. ಅದರ ಎರಡೆರಡು ಅಣುಗಳು ಕೂಡಿ 634 ಮತ್ತು 703 ನ್ಯಾನೊಮೀಟರ್‌ನ ಕೆಂಪು ಬೆಳಕನ್ನೂ, ಒಂಟಿಯಾಗಿರುವವು 1,270 ನ್ಯಾನೊಮೀಟರ್‌ನ ಅವಕೆಂಪು ಕಿರಣವನ್ನೂ ಕೊಡುತ್ತವೆ. ಎಲೆಗಳಲ್ಲಾದರೆ ಶಕ್ತಿ ಕ್ಲೋರೊಫಿಲ್‌ಗೆ ವರ್ಗಾವಣೆಯಾಗಿ ಕೆಂಪಾಗಿ ಹೊರಬರುತ್ತದೆ. ಒಟ್ಟಿನಲ್ಲಿ ಇದು ಒಲೆಯ ಹೊಗೆಯಂಥದು: ಅಡುಗೆಗೆ ಬೇಕಾದದ್ದಲ್ಲ, ಆದರೆ ಬೆಂಕಿ ಹೇಗೆ ಉರಿಯುತ್ತಿದೆ ಎಂಬುದನ್ನು ಹೇಳಬಲ್ಲದು. ಆರೋಗ್ಯದ ದೃಷ್ಟಿಯಿಂದ ಈ ಬೆಳಕಿಗೆ ಬೆಲೆ ಬರುವುದು ಇದೊಂದೇ ಕಾರಣಕ್ಕೆ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದ ಚರಿತ್ರೆ ಅಷ್ಟು ಗೌರವದ್ದಲ್ಲ. 1923ರಲ್ಲಿ ರಷ್ಯದ ಜೀವವಿಜ್ಞಾನಿ ಅಲೆಕ್ಸಾಂಡರ್ ಗುರ್ವಿಚ್ ಒಂದು ಈರುಳ್ಳಿ ಬೇರಿನ ತುದಿಯನ್ನು ಇನ್ನೊಂದು ಬೇರಿನ ಪಕ್ಕಕ್ಕೆ ಗುರಿಯಿಟ್ಟು, ಆ ಭಾಗದಲ್ಲಿ ಕೋಶವಿಭಜನೆ ಹೆಚ್ಚಾಯಿತೆಂದು ವರದಿ ಮಾಡಿದರು. ನಡುವೆ ಸ್ಫಟಿಕಶಿಲೆಯ ಫಲಕವಿದ್ದರೆ ಪರಿಣಾಮ ಉಳಿಯುತ್ತದೆ, ಗಾಜಿದ್ದರೆ ನಿಲ್ಲುತ್ತದೆ, ಆದ್ದರಿಂದ ಇದು ಅತಿನೇರಳೆ ಕಿರಣವೇ ಇರಬೇಕು ಎಂಬುದು ಅವರ ವಾದ. ನೂರಾರು ಪ್ರಬಂಧಗಳು ಬಂದವು. ಎಚ್ಚರದಿಂದ ಮಾಡಿದ ಮರುಪ್ರಯೋಗಗಳಲ್ಲಿ ಫಲಿತಾಂಶ ಸಿಗದೆ ಹೋದಾಗ ಇಡೀ ಕ್ಷೇತ್ರವೇ ಅಪಖ್ಯಾತಿಗೆ ಗುರಿಯಾಯಿತು. 1950ರ ದಶಕದಲ್ಲಿ ಇಟಲಿಯ ಕೊಲ್ಲಿ ಮತ್ತು ಫಕೀನಿ ಅತಿ ಮಂದ ಬೆಳಕನ್ನೂ ಹಿಡಿಯಬಲ್ಲ ಫೋಟೊಮಲ್ಟಿಪ್ಲೈಯರ್ ನಳಿಕೆಯನ್ನು ಬಳಸಿ ಮೊಳಕೆಗಳ ಬೆಳಕನ್ನು ನೇರವಾಗಿ ಅಳೆದ ಮೇಲೆಯೇ ಬೆಳಕಿನ ಅಸ್ತಿತ್ವ ಖಚಿತವಾದದ್ದು. ಅದು ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುತ್ತದೆ ಎಂಬ ಗುರ್ವಿಚ್‌ರ ಊಹೆ ಮಾತ್ರ ಇಂದಿಗೂ ಸಿದ್ಧವಾಗಿಲ್ಲ.

ಮನುಷ್ಯದೇಹದ ಬೆಳಕಿನ ಸ್ಪಷ್ಟ ಚಿತ್ರ ದೊರೆತದ್ದು 2009ರಲ್ಲಿ. ಜಪಾನಿನ ಮಸಾಕಿ ಕೊಬಯಾಶಿ ಮತ್ತು ಸಂಗಡಿಗರು ಮೈನಸ್ 120 ಡಿಗ್ರಿಗೆ ತಂಪುಗೊಳಿಸಿದ ಕ್ಯಾಮೆರಾದ ಮುಂದೆ, ಪೂರ್ಣ ಕತ್ತಲೆಯ ಕೋಣೆಯಲ್ಲಿ, ಐವರು ಆರೋಗ್ಯವಂತ ಯುವಕರನ್ನು ಮೂರು ಗಂಟೆಗೊಮ್ಮೆ ಕೂರಿಸಿ ಚಿತ್ರ ತೆಗೆದರು. ಬರಿಗಣ್ಣು ಗ್ರಹಿಸಬಲ್ಲದ್ದಕ್ಕಿಂತ ಸುಮಾರು ಸಾವಿರ ಪಟ್ಟು ಮಂದವಾದ ಆ ಬೆಳಕು ಬೆಳಿಗ್ಗೆ ಕಡಿಮೆಯಿದ್ದು, ಸಂಜೆ ನಾಲ್ಕರ ಹೊತ್ತಿಗೆ ಹೆಚ್ಚಿ, ಬಳಿಕ ಇಳಿಯುತ್ತಿತ್ತು. ಮುಖ ಉಳಿದ ಭಾಗಗಳಿಗಿಂತ ಹೆಚ್ಚು ಬೆಳಗುತ್ತಿತ್ತು. ಶಾಖ ಕ್ಯಾಮೆರಾದ ಚಿತ್ರಕ್ಕೂ ಇದಕ್ಕೂ ಹೊಂದಿಕೆಯಿರಲಿಲ್ಲವಾದ್ದರಿಂದ, ತಾಪಮಾನ ಹೇಳದ ಬೇರೇನನ್ನೋ ಈ ಬೆಳಕು ಹೇಳುತ್ತಿದೆ ಎಂದಾಯಿತು. 2025ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ತಂಡ ರೋಮರಹಿತ ನಾಲ್ಕು ಇಲಿಗಳನ್ನು ಸಾವಿಗೆ ಮುಂಚೆ ಒಂದು ಗಂಟೆ, ಅನಂತರ ಒಂದು ಗಂಟೆ ಚಿತ್ರಿಸಿತು. ಶವದ ತಾಪವನ್ನು 37 ಡಿಗ್ರಿಯಲ್ಲೇ ಕಾಯ್ದರೂ ಬೆಳಕು ಗಣನೀಯವಾಗಿ ಕುಗ್ಗಿತು. ಪತ್ರಿಕೆಗಳು ಇದನ್ನು ಆತ್ಮದ ಜ್ಯೋತಿ ಎಂಬಂತೆ ಬಣ್ಣಿಸಿದರೆ ಅಚ್ಚರಿಯಿಲ್ಲ, ಆದರೆ ರಕ್ತ ಹರಿಯುವುದು ನಿಂತಾಗ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ, ಆಮ್ಲಜನಕವಿಲ್ಲದೆ ಈ ರಸಾಯನಕ್ರಿಯೆ ನಡೆಯುವುದಿಲ್ಲ ಎಂಬ ವಿವರಣೆಯೇ ಸಾಕು.

ವೈದ್ಯಕೀಯದ ಆಸೆ ಹುಟ್ಟುವುದು ಇಲ್ಲಿಯೇ. ಮೇಲೆ ಹೇಳಿದ ಚುರುಕು ಅಣುಗಳು ಮಿತಿಮೀರುವ ಸ್ಥಿತಿ, ಎಂದರೆ ಉತ್ಕರ್ಷಣದ ಒತ್ತಡ, ಮಧುಮೇಹ, ಉರಿಯೂತ, ಮುಪ್ಪು, ಕ್ಯಾನ್ಸರ್ ಮುಂತಾದ ಅನೇಕ ಸ್ಥಿತಿಗಳೊಂದಿಗೆ ತಳಕು ಹಾಕಿಕೊಂಡಿದೆ. ಅದನ್ನು ಸೂಜಿ ಚುಚ್ಚದೆ, ಬಣ್ಣದ ರಾಸಾಯನಿಕ ಸೇರಿಸದೆ ಹೊರಗಿನಿಂದಲೇ ಅಳೆಯುವಂತಾದರೆ ಅದು ದೊಡ್ಡ ಸಂಗತಿ. 1980ರಷ್ಟು ಹಿಂದೆಯೇ ಬ್ರಿಟ್ಟನ್ ಚಾನ್ಸ್, ಆಲ್ಬರ್ಟೊ ಬೊವೆರಿಸ್ ಮೊದಲಾದ ವಿಜ್ಞಾನಿಗಳು ಇಲಿಯ ಯಕೃತ್ತಿಗೆ ಉತ್ಕರ್ಷಣ ತರುವ ಹೈಡ್ರೊಪೆರಾಕ್ಸೈಡ್ ಹರಿಸಿದಾಗ ಬೆಳಕು ಏರುವುದನ್ನು ತೋರಿಸಿದ್ದರು. ಚರ್ಮದ ಮೇಲೆ ಅತಿನೇರಳೆ ಕಿರಣ ಬಿದ್ದಾಗ ಬೆಳಕು ಹೆಚ್ಚುತ್ತದೆ, ಉತ್ಕರ್ಷಣ ನಿರೋಧಕಗಳನ್ನು ಹಚ್ಚಿದರೆ ತಗ್ಗುತ್ತದೆ.

ತೊಡಕುಗಳೂ ಅಷ್ಟೇ ಗಟ್ಟಿಯಾಗಿವೆ. ಗೋಚರ ಬೆಳಕು ಅಂಗಾಂಶದಲ್ಲಿ ಕೆಲವು ಮಿಲಿಮೀಟರ್ ಸಾಗುವಷ್ಟರಲ್ಲಿ ರಕ್ತ ಮತ್ತು ವರ್ಣಕಗಳು ಅದನ್ನು ಹೀರಿಬಿಡುವುದರಿಂದ, ಕ್ಯಾಮೆರಾಗೆ ಸಿಗುವುದು ಬಹುಪಾಲು ಚರ್ಮದ ಸುದ್ದಿ, ಆಳದ ಅಂಗಗಳದ್ದಲ್ಲ. ಸ್ವಲ್ಪ ಹೊತ್ತಿನ ಹಿಂದೆ ಮೈಮೇಲೆ ಬಿದ್ದ ದೀಪದ ಬೆಳಕು ಕೂಡ ನಿಧಾನವಾಗಿ ಮರಳಿ ಹೊಮ್ಮಿ ಅಳತೆಯನ್ನು ಕೆಡಿಸುತ್ತದೆ. ಇನ್ನೂ ಮುಖ್ಯವಾಗಿ, ಬೆಳಕು ಹೆಚ್ಚಿದೆ ಎಂದಷ್ಟೇ ತಿಳಿದರೆ ಕಾರಣ ಬಿಸಿಲೋ, ಉರಿಯೂತವೋ, ದಿನದ ಹೊತ್ತೋ ತಿಳಿಯುವುದಿಲ್ಲ. ಆದ್ದರಿಂದ ದೇಹದ ಬೆಳಕನ್ನು ಓದಿ ರೋಗ ಹೇಳುತ್ತೇವೆ, ಬಯೋಫೋಟಾನ್ (ಜೀವಿಗಳು ಸೂಸುವ ಫೋಟಾನ್) ಕೊಟ್ಟು ಗುಣಪಡಿಸುತ್ತೇವೆ ಎಂದು ಸಾಧನ ಮಾರುವವರನ್ನು ನಂಬಲು ಈಗ ಆಧಾರವಿಲ್ಲ. ಬೆಳಕು ಹೆಚ್ಚುವುದೆಂದರೆ ಅನೇಕ ವೇಳೆ ಹಾನಿ ಹೆಚ್ಚುತ್ತಿದೆ ಎಂದರ್ಥ. ಅದನ್ನು ಚೈತನ್ಯದ ಅಳತೆಯೆಂದು ಮಾರುವುದು ವಿಚಿತ್ರ.

ಈ ವಿದ್ಯೆ ಮೊದಲು ಪ್ರಯೋಜನಕ್ಕೆ ಬರುವುದು ಆಸ್ಪತ್ರೆಗಿಂತ ಗಿಡಗಳ ವಿಷಯದಲ್ಲಿ ಎಂದು ನನಗನ್ನಿಸುತ್ತದೆ. ಎಲೆ ತೆಳುವಾದ್ದರಿಂದ ಆಳದ ತೊಡಕು ಕಡಿಮೆ, ಗಿಡ ಕತ್ತಲಲ್ಲಿ ಗಂಟೆಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ಕ್ಯಾಲ್ಗರಿಯ ಅದೇ ಅಧ್ಯಯನದಲ್ಲಿ ಎಲೆಯ ಗಾಯಗೊಂಡ ಭಾಗ ಹದಿನಾರು ಗಂಟೆಗಳ ಚಿತ್ರೀಕರಣದುದ್ದಕ್ಕೂ ಸುತ್ತಲಿನ ಭಾಗಕ್ಕಿಂತ ಹೆಚ್ಚು ಬೆಳಗಿತ್ತು.