ಪದ ಪರಿಚಯ: ಸಬ್‌ಸಾಯ್ಲರ್

ಹತ್ತಿ ಬಿಡಿಸಿ ಮುಗಿದು ಕಟ್ಟಿಗೆ ಕೀಳುವ ಕಾಲಕ್ಕೆ ಹಾವೇರಿ ಸೀಮೆಯ ಹೊಲಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೆಲವು ಗಿಡಗಳ ತಾಯಿಬೇರು ನೆಟ್ಟಗೆ ಮೊಳದುದ್ದ ಇಳಿದಿರುತ್ತದೆ. ಇನ್ನು ಕೆಲವು ಗಿಡಗಳ ಬೇರು ಆರೇಳು ಇಂಚು ಇಳಿಯುತ್ತಲೇ ಬಂಡೆಗೆ ತಾಗಿದಂತೆ ಮುರುಟಿ, ಅಲ್ಲಿಂದ ಮುಂದೆ ಕೆಳಗಿಳಿಯದೆ ಅಡ್ಡಕ್ಕೆ ಸರಿದಿರುತ್ತದೆ. ಆ ಜಾಗವನ್ನು ಅಗೆದು ನೋಡಿದರೆ ಬಂಡೆಯೇನೂ ಇರುವುದಿಲ್ಲ. ಮೇಲಿನ ಮಣ್ಣಿನ ಜಾತಿಯದೇ ಆದ, ಆದರೆ ಒತ್ತಿ ಒತ್ತಿ ಹಲಗೆಯಂತಾದ ಒಂದು ಪದರ ಸಿಗುತ್ತದೆ. ಈ ಗಟ್ಟಿ ಪದರವನ್ನು ಬಿರಿಸುವ ಸಲುವಾಗಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಉಪಕರಣವೇ ಸಬ್‌ಸಾಯ್ಲರ್.

‘ಸಬ್’ ಎಂದರೆ ಕೆಳಗಿನದು, ‘ಸಾಯಿಲ್’ ಎಂದರೆ ಮಣ್ಣು. ವರ್ಷವೂ ಉಳುಮೆಗೆ ಸಿಗುವ ಪದರ ಮೇಲ್ಮಣ್ಣು, ಅದರ ತಳದಲ್ಲಿ ಇರುವುದು ಅಡಿಮಣ್ಣು. ಅಡಿಮಣ್ಣಿನ ಕೆಲಸಕ್ಕೆಂದೇ ಹುಟ್ಟಿದ್ದರಿಂದ ಉಪಕರಣಕ್ಕೆ ಆ ಹೆಸರು ಬಂದಿದೆ. ಕನ್ನಡದಲ್ಲಿ ‘ಅಡಿಮಣ್ಣು ಸೀಳುವ ನೇಗಿಲು’ ಎಂದು ವಿವರಿಸಬಹುದಾದರೂ ಹೊಲದಲ್ಲಿ, ಅಂಗಡಿಯಲ್ಲಿ ಇಂಗ್ಲಿಷಿನ ಹೆಸರೇ ನಡೆಯುತ್ತಿದೆ.

ನೋಡುವುದಕ್ಕೆ ಇದು ಬಹಳ ಸರಳ. ಟ್ರ್ಯಾಕ್ಟರಿನ ಹಿಂದಿನ ಮೂರು ಪಾಯಿಂಟಿಗೆ (ಎರಡು ಕೆಳತೋಳು, ಒಂದು ಮೇಲ್ತೋಳು) ಕಟ್ಟುವ ಒಂದು ಗಟ್ಟಿ ಚೌಕಟ್ಟು, ಅದರಿಂದ ಕೆಳಕ್ಕಿಳಿದ ಒಂದೇ ಒಂದು ದಪ್ಪ ಉಕ್ಕಿನ ಕಾಲು, ಕಾಲಿನ ತುದಿಗೆ ಬೋಲ್ಟು ಹಾಕಿ ಕೂರಿಸಿದ ಚೂಪಾದ ಕುಳ. ದೊಡ್ಡ ಟ್ರ್ಯಾಕ್ಟರಿನದಕ್ಕೆ ಎರಡು ಮೂರು ಕಾಲುಗಳಿರುತ್ತವೆ. ಕೆಲಸದ ಆಳ ಸಾಮಾನ್ಯವಾಗಿ 40ರಿಂದ 60 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಮೊಳದಿಂದ ಎರಡು ಅಡಿ. ಒಂಬತ್ತು ಹಲ್ಲಿನ ಟಿಲ್ಲರ್ ಆರು ಇಂಚಿನ ಆಸುಪಾಸಿನಲ್ಲಿ ಕೆದಕುತ್ತದೆ. ಪಲ್ಟಿ ನೇಗಿಲು ಹೊಡೆದರೆ ಮಣ್ಣು ಮಗುಚಿ ಅಡಿಯದು ಮೇಲೆ ಬರುತ್ತದೆ. ಸಬ್‌ಸಾಯ್ಲರ್ ಹೋದ ಹೊಲದಲ್ಲಾದರೆ ಮೇಲೆ ಕಾಣುವುದು ಒಂದು ಸೀಳುಗೆರೆ ಮತ್ತು ಅದರ ಎರಡೂ ಬದಿ ತುಸು ಉಬ್ಬಿದ ನೆಲ ಮಾತ್ರ. ಅಡಿಮಣ್ಣು ಇದ್ದಲ್ಲಿಯೇ ಇದ್ದು ಬಿರಿಯುತ್ತದೆ. ಹೀಗಾಗಿ ‘ಆಳ ಉಳುಮೆ’ ಎಂಬ ಮಾತನ್ನು ಇದಕ್ಕೆ ಬಳಸುವುದು ನನಗೆ ಸರಿ ಎನಿಸುವುದಿಲ್ಲ. ಅಡಿಯಲ್ಲಿ ಸುಣ್ಣದ ಹರಳಿರುವ ಹೊಲವನ್ನು ಆಳವಾಗಿ ಮಗುಚಿದವರು ಆ ಹರಳನ್ನು ಬಿತ್ತನೆಯ ಪದರಕ್ಕೆ ತಂದುಕೊಂಡಿರುತ್ತಾರೆ. ಸೀಳಿದವರಿಗೆ ಆ ತೊಂದರೆ ಇಲ್ಲ. ಇದರ ಹತ್ತಿರದ ನಂಟ ಚಿಸೆಲ್ ನೇಗಿಲು. ಅದಕ್ಕೆ ಕಾಲು ಹೆಚ್ಚು, ಆಳ ಕಡಿಮೆ. ಅಂಗಡಿಯವರು ಒಂದರ ಹೆಸರಿನಲ್ಲಿ ಇನ್ನೊಂದನ್ನು ತೋರಿಸುವುದುಂಟಾದ್ದರಿಂದ ಹೆಸರು ಕೇಳುವ ಬದಲು ಚೌಕಟ್ಟಿನ ತಳದಿಂದ ಕುಳದ ತುದಿಯವರೆಗೆ ಟೇಪು ಹಿಡಿದು ಅಳೆಯುವುದು ಒಳ್ಳೆಯದು.

ಗಟ್ಟಿ ಪದರ ಹೇಗೆ ಹುಟ್ಟುತ್ತದೆ ಎಂಬುದು ತಿಳಿಯದೆ ಈ ಪದದ ಅರ್ಥ ಪೂರ್ತಿಯಾಗುವುದಿಲ್ಲ. ಪ್ರತಿ ವರ್ಷ ಅದೇ ಆಳಕ್ಕೆ ಉಳುತ್ತಾ ಹೋದಂತೆ ಹಲ್ಲಿನ ತುದಿ ಉಜ್ಜುವ ಗೆರೆಯ ಕೆಳಗಿನ ಮಣ್ಣು ನುಣುಪಾಗಿ ಅಮರುತ್ತದೆ. ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟಾವೇಟರಿನ ಬಾಗಿದ ಬ್ಲೇಡು ನಾಲ್ಕೈದು ಇಂಚಿನಲ್ಲಿ ಇದೇ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತದೆ. ಇದಕ್ಕೆ ಹಸಿ ಇರುವಾಗ ಹೊಲಕ್ಕಿಳಿದ ಟ್ರ್ಯಾಕ್ಟರಿನ, ಗೋವಿನಜೋಳ ತುಂಬಿದ ಟ್ರೇಲರಿನ ಭಾರ ಕೂಡಿಕೊಳ್ಳುತ್ತದೆ. ಎತ್ತು ಹೂಡಿ ರಂಟಿ (ನೇಗಿಲು) ಹೊಡೆಯುತ್ತಿದ್ದ ಕಾಲದಲ್ಲಿ ಈ ಪದರ ಇರಲೇ ಇಲ್ಲ ಎನ್ನಲಾಗದು, ಆದರೆ ಇಷ್ಟು ಭಾರ ಆಗ ಹೊಲದ ಮೇಲೆ ಬೀಳುತ್ತಿರಲಿಲ್ಲ. ಮಣ್ಣು ಒಡ್ಡುವ ತಡೆ ಸುಮಾರು 2 ಮೆಗಾಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ 20 ಕಿಲೋದಷ್ಟು ಆದಾಗ ಹೆಚ್ಚಿನ ಬೆಳೆಗಳ ಬೇರು ಮುಂದೆ ಸಾಗುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ನೀರೂ ಅಲ್ಲಿಯೇ ನಿಲ್ಲುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಗದಗದಂಥ ಕಡೆ, ಬಿದ್ದ ಮಳೆ ಕೆಳಗಿಳಿಯದೆ ಬದುವಿನತ್ತ ಹರಿದು ಹೋಗುವುದು ಬೇರು ಸೊಟ್ಟಗಾಗುವುದಕ್ಕಿಂತ ದೊಡ್ಡ ನಷ್ಟ.

ಎಲ್ಲ ಹೊಲಕ್ಕೂ ಸಬ್‌ಸಾಯ್ಲರ್ ಬೇಕೇ ಎಂದರೆ ಬೇಡ. ನವಲಗುಂದ, ನರಗುಂದ, ರೋಣದ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುವ ಜಿಗಿಮಣ್ಣು ಅದರಲ್ಲಿರುವುದರಿಂದ ಆ ಬಿರುಕುಗಳೇ ಸಬ್‌ಸಾಯ್ಲರಿನ ಕೆಲಸದ ಒಂದು ಪಾಲನ್ನು ಪುಕ್ಕಟೆ ಮಾಡಿಕೊಡುತ್ತವೆ. ಮಸಾರಿ, ಅಂದರೆ ಕೆಂಪು ಮಣ್ಣಿಗೆ ಆ ಗುಣ ಇಲ್ಲ. ಒಮ್ಮೆ ಅಮರಿದರೆ ತಾನಾಗಿ ಬಿಚ್ಚಿಕೊಳ್ಳುವುದು ಬಹಳ ನಿಧಾನ. ಕಾಲುವೆಯ ನೀರಿನಿಂದ ಸವಳು-ಜವಳಾದ, ಅಂದರೆ ಉಪ್ಪೇರಿ ನೀರು ನಿಂತ ಎರಿಯದು ಮೂರನೆಯ ಬಗೆ. ಸೋಡಿಯಂ ಹೆಚ್ಚಾಗಿ ಗಟ್ಟಿಯಾದ ಅಡಿಮಣ್ಣನ್ನು ಎಷ್ಟು ಸೀಳಿದರೂ ಮಳೆ ಬಿದ್ದೊಡನೆ ಕಲಸಿದ ಹಿಟ್ಟಿನಂತಾಗಿ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿ ಮೊದಲು ಮಣ್ಣು ಪರೀಕ್ಷೆ, ಜಿಪ್ಸಂ ಮತ್ತು ನೀರು ಬಸಿಯುವ ವ್ಯವಸ್ಥೆ ಆಗಬೇಕು. ಅರ್ಧ ಅಡಿಗೇ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಗುವ ತೆಳು ಹೊಲದಲ್ಲಿ ಕುಳ ಸವೆಯುವುದನ್ನು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ಅಂಗಡಿಗಲ್ಲ, ಹೊಲಕ್ಕೆ. ಒಳ್ಳೆಯ ಮಳೆಯಾಗಿ ಎರಡು ಮೂರು ದಿನದ ಮೇಲೆ, ತೇವ ಕೆಳಗಿನವರೆಗೂ ಸಮನಾಗಿ ಇಳಿದಿರುವಾಗ, ಬೆರಳು ಗಾತ್ರದ ಕಬ್ಬಿಣದ ಸರಳನ್ನು ಹತ್ತಿಪ್ಪತ್ತು ಕಡೆ ಒತ್ತಿ ನೋಡಬೇಕು. ಸಲೀಸಾಗಿ ಇಳಿಯುತ್ತಿದ್ದ ಸರಳು ಒಂದು ಆಳದಲ್ಲಿ ತಡೆದು, ಬಲ ಹಾಕಿದಾಗ ಪದರವನ್ನು ದಾಟಿ ಮತ್ತೆ ಸಲೀಸಾದರೆ ಪದರ ಇದೆ ಎಂದರ್ಥ. ತಡೆದ ಆಳ, ಬಿಟ್ಟ ಆಳ ಎರಡನ್ನೂ ಗುರುತು ಹಾಕಿಕೊಳ್ಳಬೇಕು. ಒಣ ನೆಲದಲ್ಲಿ ಈ ಪರೀಕ್ಷೆ ಮಾಡಿದರೆ ಎಲ್ಲವೂ ಗಟ್ಟಿಯೇ. ನಂಬಿಕೆ ಸಾಲದಿದ್ದರೆ ಎರಡು ಅಡಿ ಆಳದ ಒಂದು ಕುಣಿ ತೋಡಿ, ಅದರ ಗೋಡೆಗೆ ಮೇಲಿನಿಂದ ಕೆಳಗೆ ಚಾಕುವಿನ ಮೊನೆ ಚುಚ್ಚುತ್ತಾ ಬಂದರೆ ಕೈಗೇ ತಿಳಿಯುತ್ತದೆ. ಪದರ ಎಂಟು ಇಂಚಿಗೆ ಶುರುವಾಗಿ ಹನ್ನೆರಡು ಇಂಚಿಗೆ ಮುಗಿಯುವುದಾದರೆ ಕುಳ ಹದಿಮೂರು ಹದಿನಾಲ್ಕು ಇಂಚಿನಲ್ಲಿ ಓಡಿದರೆ ಸಾಕು. ಎರಡು ಅಡಿ ಇಳಿಯುವ ಉಪಕರಣ ಇದೆಯೆಂದು ಎರಡು ಅಡಿಯನ್ನೂ ಇಳಿಸುವುದು ಡೀಸೆಲ್ ಸುಡುವ ಕೆಲಸ.

ಇನ್ನು ಟ್ರ್ಯಾಕ್ಟರಿನ ಮಾತು. ಭಾರವಾದ ಎರಿ ಮಣ್ಣಿನಲ್ಲಿ ಒಂದೂವರೆ ಅಡಿ ಆಳಕ್ಕೆ ಒಂದೇ ಕಾಲನ್ನು ಎಳೆಯಲು ಸಾವಿರ ಕಿಲೋದ ಆಸುಪಾಸಿನ ಎಳೆತ ಬೇಕಾಗುತ್ತದೆ. ಹಗುರಾದ ಮಣ್ಣಿನಲ್ಲಿ ಅದರ ಅರ್ಧ ಸಾಕಾದೀತು. ಎರಡು ಗಾಲಿ ಚಾಲನೆಯ ಟ್ರ್ಯಾಕ್ಟರ್ ಹೊಲದಲ್ಲಿ ಎಳೆಯಬಲ್ಲದ್ದು ಸ್ಥೂಲವಾಗಿ ಅದರ ಸ್ವಂತ ತೂಕದ ಅರ್ಧಕ್ಕಿಂತ ತುಸು ಕಡಿಮೆ. ಎರಡು ಟನ್ ತೂಗುವ 45-50 ಎಚ್‌ಪಿ ಟ್ರ್ಯಾಕ್ಟರಿಗೂ ಎರಿಯಲ್ಲಿ ಇದು ಏದುಸಿರಿನ ಕೆಲಸ ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಎಡೆ ಹೊಡೆಯಲೆಂದು ತಂದ 20-25 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ತೂಗುವುದೇ ಒಂದು ಟನ್ನಿನಷ್ಟು. ಅದರ ಎಂಜಿನ್ನಿಗೆ ಶಕ್ತಿ ಇದ್ದರೂ ಗಾಲಿಗೆ ಹಿಡಿತ ಸಿಗುವುದಿಲ್ಲ. ಗಾಲಿ ನಿಂತಲ್ಲೇ ತಿರುಗಿ, ಬಿರಿಸಬೇಕಾದ ನೆಲವನ್ನು ಇನ್ನಷ್ಟು ಉಜ್ಜಿ ನುಣುಪು ಮಾಡುತ್ತದೆ. ಕೊಳ್ಳುವಾಗ ಎಲ್ಲರೂ ಎಚ್‌ಪಿ ಕೇಳುತ್ತಾರೆ, ತೂಕ ಕೇಳುವವರು ವಿರಳ. ಮಿನಿ ಟ್ರ್ಯಾಕ್ಟರಿನವರು ಮಸಾರಿಯಲ್ಲಿ ಒಂದು ಅಡಿಯ ಒಳಗಿನ ಪದರಕ್ಕೆ ತೆಳುಗಾಲಿನ ಹಗುರ ಸಬ್‌ಸಾಯ್ಲರ್ ಕಟ್ಟಿ ನೋಡಬಹುದು, ಎರಿಯಲ್ಲಿ ಆ ಆಸೆ ಬಿಡುವುದು ಲೇಸು. ಪಿ.ಟಿ.ಒ., ಅಂದರೆ ಟ್ರ್ಯಾಕ್ಟರಿನ ಹಿಂದೆ ಎಂಜಿನ್ನಿನ ಬಲದಿಂದ ತಿರುಗುವ ದಂಡದಿಂದ ಅದುರುವ ಬಗೆಯ ಸಬ್‌ಸಾಯ್ಲರ್‌ಗಳೂ ಇವೆ. ಅದುರುವಿಕೆಯಿಂದ ಎಳೆತ ಕಡಿಮೆಯಾಗುವುದು ನಿಜ, ಆದರೆ ಅದುರಿಸುವುದಕ್ಕೂ ಎಂಜಿನ್ನೇ ಶಕ್ತಿ ಕೊಡಬೇಕು.

ಉಪಕರಣದಲ್ಲಿ ನೋಡಬೇಕಾದದ್ದು ಕಾಲಿನ ಓರೆ ಮತ್ತು ಕುಳ. ನೆಟ್ಟಗೆ ನಿಂತ ಕಾಲಿಗಿಂತ, ತುದಿ ಮುಂದಕ್ಕೆ ಚಾಚಿ ಬಾಗಿದ ಕಾಲು ಮಣ್ಣನ್ನು ಮೇಲಕ್ಕೆತ್ತುತ್ತಾ ಸಾಗುವುದರಿಂದ ಹಗುರಾಗಿ ಎಳೆಯುತ್ತದೆ. ಕುಳದ ಅಗಲಕ್ಕೂ ಆಳಕ್ಕೂ ಒಂದು ನಂಟಿದೆ: ಅಗಲದ ಸುಮಾರು ಐದಾರು ಪಟ್ಟು ಆಳದವರೆಗೆ ಮಣ್ಣು ಮೇಲಕ್ಕೆ ಬಿರಿಯುತ್ತದೆ, ಅದಕ್ಕಿಂತ ಕೆಳಗೆ ಇಳಿಸಿದರೆ ಮಣ್ಣು ಮೇಲೇಳದೆ ಎರಡೂ ಬದಿಗೆ ಒತ್ತಿಕೊಂಡು, ಹೊಸ ಗಟ್ಟಿ ಗೋಡೆ ಎದ್ದು ಬಿಡುತ್ತದೆ. ಇದನ್ನು ಮೀರಲಿಕ್ಕೆ ಕುಳದ ಎರಡೂ ಬದಿಗೆ ರೆಕ್ಕೆ ಕೂರಿಸಿದ ಸಬ್‌ಸಾಯ್ಲರ್‌ಗಳು ಬಂದಿವೆ. ರೆಕ್ಕೆಯಿಂದ ಎಳೆತ ತುಸು ಹೆಚ್ಚಿದರೂ ಬಿರಿಯುವ ಅಗಲ ಅದಕ್ಕಿಂತ ಹೆಚ್ಚು ಬೆಳೆಯುವುದರಿಂದ ಒಟ್ಟಿನಲ್ಲಿ ಲಾಭವೇ. ಒಂದೂವರೆ ಅಡಿ ಆಳಕ್ಕೆ ರೆಕ್ಕೆ ಇಲ್ಲದ ಕಾಲನ್ನು ಎರಡು ಅಡಿಗೊಂದು ಸಾಲಿನಂತೆ ಓಡಿಸಿದರೆ ಎಕರೆಗೆ ಸುಮಾರು 6,600 ಮೀಟರ್ ಓಟವಾಗುತ್ತದೆ, ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ ತಿರುವು ಬಿಟ್ಟು ಎರಡು ಗಂಟೆ. ರೆಕ್ಕೆ ಇದ್ದು ಮೂರು ಅಡಿಗೊಂದು ಸಾಲಾದರೆ ಸುಮಾರು 4,400 ಮೀಟರ್, ಒಂದೂಕಾಲು ಗಂಟೆಯ ಮಾತು. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವಾಗ ಈ ಅಂತರ ಸಣ್ಣದಲ್ಲ.

ಕಾಲನ್ನು ಚೌಕಟ್ಟಿಗೆ ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದು ಬೇಕೆಂದೇ ಮೆದುವಾಗಿರುತ್ತದೆ. ಅದಕ್ಕೆ ಶಿಯರ್ ಬೋಲ್ಟ್ ಎನ್ನುತ್ತಾರೆ. ಕಲ್ಲಿಗೆ ತಾಗಿದಾಗ ತಾನು ತುಂಡಾಗಿ ಕಾಲನ್ನೂ ಟ್ರ್ಯಾಕ್ಟರನ್ನೂ ಉಳಿಸುವುದು ಅದರ ಕೆಲಸ. ನಮ್ಮ ಹೊಲದಲ್ಲಿ ಒಂದೇ ಮುಂಜಾನೆ ಎರಡು ಬೋಲ್ಟು ಹೋದವೆಂದು ಡ್ರೈವರ್ ಬೇಸತ್ತು, ಗಟ್ಟಿ ಜಾತಿಯ ಬೋಲ್ಟು ತಂದು ಬಡಿದ. ಮುಂದಿನ ಕಲ್ಲಿಗೆ ಬೋಲ್ಟಿಗೆ ಏನೂ ಆಗಲಿಲ್ಲ. ಟ್ರ್ಯಾಕ್ಟರಿನ ಬಲಗಡೆಯ ಕೆಳತೋಳು ಬಾಗಿತು. ಕಂಪನಿ ಹೇಳಿದ ಗಾತ್ರದ, ಹೇಳಿದ ಗ್ರೇಡಿನ ಬೋಲ್ಟನ್ನು ಅರ್ಧ ಡಜನ್ ಜೊತೆಗಿಟ್ಟುಕೊಂಡು ಹೊಲಕ್ಕಿಳಿಯುವುದು ಅಂದಿನಿಂದ ನಮ್ಮ ರೂಢಿ. ಪಿನ್ನಿನ ಅಳತೆಯೂ ಹೊಂದಬೇಕು. ಟ್ರ್ಯಾಕ್ಟರಿನ ಈ ಜೋಡಣೆಯನ್ನು ಗಾತ್ರದ ಮೇಲೆ ಕೆಟಗರಿಗಳಾಗಿ ವಿಂಗಡಿಸಿದ್ದಾರೆ. ಕೆಟಗರಿ 1ರಲ್ಲಿ ಕೆಳತೋಳಿನ ಪಿನ್ನು ಸುಮಾರು 22 ಮಿಲಿಮೀಟರ್, ಕೆಟಗರಿ 2ರಲ್ಲಿ 28. ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಬುಷ್ ಇಲ್ಲದೆ ಹಾಕಿದರೆ ಇಷ್ಟು ಎಳೆತದಲ್ಲಿ ತೂತು ಕೆಲವೇ ದಿನದಲ್ಲಿ ಮೊಟ್ಟೆಯಾಕಾರ ತಾಳುತ್ತದೆ.

ಕಾಲದ ಆಯ್ಕೆ ತಪ್ಪಿದರೆ ಇಷ್ಟೆಲ್ಲ ನೋಡಿ ತಂದದ್ದೂ ವ್ಯರ್ಥ. ಮಣ್ಣು ಬಿರಿಯಬೇಕಾದರೆ ಅಡಿಯಲ್ಲಿ ಒಣಗಿರಬೇಕು. ಹಸಿ ಇರುವಾಗ ಓಡಿಸಿದರೆ ಇಟ್ಟಿಗೆಗೆ ಕಲಸಿದ ಮಣ್ಣಿನಲ್ಲಿ ಕೋಲು ಎಳೆದಂತೆ ಒಂದು ಸೀಳು ಮೂಡುತ್ತದೆಯೇ ಹೊರತು ಬದಿಯ ಮಣ್ಣು ಅಲುಗುವುದಿಲ್ಲ. ಕೆಲಸದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದಾಗ ಶಾವಿಗೆಯಂತೆ ಎಳೆ ಬಂದರೆ ಕಾಯಬೇಕು, ಪುಡಿಯಾದರೆ ಹೊರಡಬಹುದು. ಎರಿಯಲ್ಲಿ ಹಿಂಗಾರಿನ ಕಡಲೆ ಇಲ್ಲವೇ ಬಿಳಿಜೋಳ ಕಿತ್ತ ಕೂಡಲೇ, ಬೆಳೆ ಅಡಿಯ ತೇವವನ್ನು ಹೀರಿರುವ ಆದರೆ ಮೇಲ್ಮಣ್ಣು ಇನ್ನೂ ಕಲ್ಲಾಗದ ಆ ಕೆಲವು ವಾರಗಳು ಹದವಾದವು. ಮಸಾರಿ ಕಡುಬೇಸಿಗೆಯಲ್ಲಿ ಕಲ್ಲಿನಂತಾಗುವುದರಿಂದ ಮೇಲ್ಪದರ ನೆನೆಸುವಷ್ಟು ಒಂದು ಅಡ್ಡಮಳೆ ಆಗಲೆಂದು ಕಾಯುವವರೂ ಇದ್ದಾರೆ. ಇಳಿಜಾರಿಗೆ ಅಡ್ಡಲಾಗಿ ಹೊಡೆಯಬೇಕು. ಇಳಿಜಾರಿನ ಗುಂಟ ಹೊಡೆದ ಸೀಳು ಮೊದಲ ದೊಡ್ಡ ಮಳೆಗೆ ಕೊರಕಲಾದೀತು. ಹೊಲದಡಿ ಬೋರ್‌ವೆಲ್ಲಿನ ಪೈಪು ಹಾದಿದ್ದರೆ ಅದರ ಜಾಡನ್ನು ಮೊದಲೇ ಸುಣ್ಣದ ಗೆರೆ ಹಾಕಿ ಗುರುತಿಸಬೇಕು, ಏಕೆಂದರೆ ಪೈಪು ಹುಗಿಯುವುದೂ ಹೆಚ್ಚುಕಡಿಮೆ ಅದೇ ಆಳಕ್ಕೆ.

ಬಿರಿದ ಮಣ್ಣು ಮೆತ್ತಗಿರುತ್ತದೆ, ಹಾಗಾಗಿ ಬಹು ಬೇಗ ಮತ್ತೆ ಅಮರುತ್ತದೆ. ಗಾಲಿಯ ಮೊದಲ ಓಡಾಟದಲ್ಲಿಯೇ ಅಮರುವಿಕೆಯ ಹೆಚ್ಚಿನ ಪಾಲು ಆಗಿಹೋಗುವುದರಿಂದ ಸಬ್‌ಸಾಯ್ಲರ್ ಹೊಡೆದ ಮರುವಾರವೇ ರೋಟಾವೇಟರ್ ಇಳಿಸಿದರೆ ಕೊಟ್ಟ ಬಾಡಿಗೆ ಮಣ್ಣುಪಾಲು. ಆ ಮುಂಗಾರಿಗೆ ತೊಗರಿಯಂಥ ಆಳ ಬೇರಿನ ಬೆಳೆ ಹಾಕಿದರೆ ಬೇರು ಬಿರುಕಿನೊಳಗೆ ಇಳಿದು, ಕೊಯ್ಲಿನ ನಂತರ ಕೊಳೆತು, ಆ ದಾರಿಯನ್ನು ಒಂದಷ್ಟು ಕಾಲ ತೆರೆದಿಡುತ್ತದೆ.

ಈ ಕೆಲಸ ಮೂರು ನಾಲ್ಕು ವರ್ಷಕ್ಕೊಮ್ಮೆ ಬೇಕಾದೀತು, ಅದೂ ಸರಳು ತಡೆದ ಹೊಲಕ್ಕೆ ಮಾತ್ರ. ನಾಲ್ಕೈದು ಎಕರೆಯವರು ಅದಕ್ಕಾಗಿ ಸ್ವಂತ ಉಪಕರಣ ಕೊಳ್ಳುವುದಕ್ಕಿಂತ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿಯೋ ಊರಿನ ದೊಡ್ಡ ಟ್ರ್ಯಾಕ್ಟರಿನವರನ್ನು ಗೊತ್ತು ಮಾಡಿಯೋ ಒಂದು ದಿನದಲ್ಲಿ ಮುಗಿಸಿಕೊಳ್ಳುವುದು ನನ್ನ ಮಟ್ಟಿಗೆ ಜಾಣತನ. ಬಾಡಿಗೆಗೆ ತಂದಾಗ ಮೊದಲ ಎರಡು ಸಾಲು ಆದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಿ, ಸಾಲಿಗೆ ಅಡ್ಡಲಾಗಿ ಸಲಿಕೆಯಿಂದ ಅಗೆದು, ಎರಡೂ ಸೀಳಿನ ನಡುವಿನ ಮಣ್ಣು ತಳದವರೆಗೂ ಬಿರಿದಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಡ್ರೈವರ್‌ಗೆ ಮುಂದಿನ ಸಾಲಿಗೆ ಹೋಗಲು ಹೇಳಬೇಕು.